ಗಾಡಿಗಿಂತ ಮೊದಲು ಹೊರೆಯನ್ನು ತೂಗಿ

ಪಿಕಪ್ ಗಾಡಿ ಕೊಳ್ಳಲು ಮನಸ್ಸು ಮಾಡಿದವರು ಸಾಮಾನ್ಯವಾಗಿ ಮೊದಲು ಕೇಳುವುದು, ಯಾವ ಕಂಪನಿಯದು ಒಳ್ಳೆಯದು ಎಂದು. ಎರಡನೆಯದು, ಮೈಲೇಜು ಎಷ್ಟು ಎಂದು. ಮೂರನೆಯದು, ಕಂತು ಎಷ್ಟು ಬೀಳುತ್ತದೆ ಎಂದು. ಇಷ್ಟಕ್ಕೆ ಉತ್ತರ ಸಿಕ್ಕಿತೆಂದರೆ ಮುಂಗಡ ಕಟ್ಟಿ ಬರುತ್ತಾರೆ. ಈ ಗಾಡಿಯ ಮೇಲೆ ನಾನು ಏನನ್ನು ಹೇರುತ್ತೇನೆ, ಎಷ್ಟು ತೂಕ ಹೇರುತ್ತೇನೆ, ವರ್ಷದಲ್ಲಿ ಎಷ್ಟು ದಿನ ಹೇರುತ್ತೇನೆ ಎನ್ನುವುದನ್ನು ಕಾಗದದ ಮೇಲೆ ಬರೆದು ನೋಡುವವರು ತೀರ ಕಡಿಮೆ. ನಂಬಿಕೆಗೆ ಯೋಗ್ಯವಾದ ಗಾಡಿ ಎನ್ನುವುದು ಷೋರೂಮಿನಲ್ಲಿ ಸಿದ್ಧವಾಗಿ ನಿಂತಿರುವುದಿಲ್ಲ ಎಂಬುದು ಇವತ್ತಿನ ನನ್ನ ವಾದ. ಅದೇ ಕಂಪನಿಯ ಅದೇ ಮಾದರಿಯ ಗಾಡಿ ಒಬ್ಬರ ಕೈಯಲ್ಲಿ ಹತ್ತು ವರ್ಷ ದುಡಿಯುತ್ತದೆ, ಇನ್ನೊಬ್ಬರ ಕೈಯಲ್ಲಿ ಮೂರನೇ ವರ್ಷಕ್ಕೆ ಗ್ಯಾರೇಜು ಸೇರುತ್ತದೆ. ಚಾಲಕನ ಕೈಗುಣ ಇದಕ್ಕೆ ಸ್ವಲ್ಪ ಕಾರಣವಿರಬಹುದು. ಹೆಚ್ಚಿನ ಕಾರಣ, ಹೊರೆಗೂ ಗಾಡಿಗೂ ಹೊಂದಿಕೆ ಇತ್ತೇ ಇಲ್ಲವೇ ಎಂಬುದರಲ್ಲಿದೆ.

ನಮ್ಮ ಹಾಸನ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಒಂದಕ್ಕೊಂದು ಅಂಟಿಕೊಂಡ ತಾಲ್ಲೂಕುಗಳು. ಹೊರೆಯ ಸ್ವಭಾವ ಮಾತ್ರ ಬೇರೆ ಬೇರೆ. ಹಾಸನದ ಸುತ್ತ ಆಲೂಗೆಡ್ಡೆ. ಏಪ್ರಿಲ್, ಮೇ ತಿಂಗಳಲ್ಲಿ ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಗೆಡ್ಡೆ ಹಾಸನದ ಎಪಿಎಂಸಿಗೆ ಬರುತ್ತದೆ, ಅಲ್ಲಿಂದ ಹಳ್ಳಿಗಳಿಗೆ ಹೋಗುತ್ತದೆ; ಬೆಳೆದ ಗೆಡ್ಡೆ ಮಳೆಗಾಲದ ನಡುವೆಯೇ ಕೆಸರು ಹೊಲದಿಂದ ಹೊರಬರಬೇಕು. ಆಲೂಗೆಡ್ಡೆಯಾಗಲಿ ಶುಂಠಿಯಾಗಲಿ, ಜಾಗ ಕಡಿಮೆ ಹಿಡಿದು ತೂಕ ಜಾಸ್ತಿ ತೂಗುವ ಸರಕು. ಗಾಡಿಯ ತೊಟ್ಟಿ ಅರ್ಧ ತುಂಬುವಷ್ಟರಲ್ಲಿ ಅದರ ಶಕ್ತಿ ಮುಗಿದಿರುತ್ತದೆ, ನೋಡುವ ಕಣ್ಣಿಗೆ ಇನ್ನೂ ಜಾಗ ಕಾಣುತ್ತಿರುತ್ತದೆ. ಅರಕಲಗೂಡಿನ ರಾಮನಾಥಪುರ, ಕೊಣನೂರು ಭಾಗದ ವರ್ಜೀನಿಯಾ ತಂಬಾಕಿನದು ಇದಕ್ಕೆ ಪೂರ್ತಿ ತಿರುವುಮುರುವು. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೋಗುವ ಹದ ಮಾಡಿದ ಎಲೆಯ ಬೇಲು ತೂಕಕ್ಕೆ ಹಗುರ, ಗಾತ್ರಕ್ಕೆ ದೊಡ್ಡದು, ಒಂದು ಹನಿ ನೀರು ಬಿದ್ದರೂ ದರ್ಜೆ ಇಳಿಯುತ್ತದೆ. ಅಲ್ಲಿ ಬೇಕಾದದ್ದು ಉದ್ದದ ತೊಟ್ಟಿ, ಸೋರದ ಟಾರ್ಪಾಲು. ಆದರೆ ಅದೇ ಬೆಳೆಗಾರ ಎಲೆ ಹದ ಮಾಡುವ ಬ್ಯಾರನ್ನಿಗೆ ಸೌದೆ ತರುವಾಗ ಹೊರೆ ಮತ್ತೆ ಭಾರದ ಜಾತಿಗೆ ಸೇರುತ್ತದೆ. ಚನ್ನರಾಯಪಟ್ಟಣದ ತೆಂಗಿನಕಾಯಿ, ಕೊಬ್ಬರಿ ನಡುವಿನ ದಾರಿಯವು. ಕೊಬ್ಬರಿ ಹೋಗುವುದು ಮಾತ್ರ ಅರಸೀಕೆರೆ, ತಿಪಟೂರಿನ ದೂರಕ್ಕೆ. ಹೊಳೆನರಸೀಪುರದ ಹೇಮಾವತಿ ನಾಲೆ ಬಯಲಲ್ಲಿ ಭತ್ತದ ಮೂಟೆ, ಗೊಬ್ಬರದ ಚೀಲ. ಈ ಎಲ್ಲ ತಾಲ್ಲೂಕುಗಳಲ್ಲೂ ಕಾಣುವ ಇನ್ನೊಂದು ಹೊರೆ ಹಾಲು. ಮಾಮೂಲು ಕ್ಯಾನು 40 ಲೀಟರಿನದು, ಹಾಲೊಂದೇ 41 ಕಿಲೋ ಚಿಲ್ಲರೆ ತೂಗುತ್ತದೆ. ಮೂವತ್ತು ಕ್ಯಾನು ಇಟ್ಟರೆ ಪಾತ್ರೆಯ ತೂಕ ಸೇರಿ 1,300 ಕಿಲೋ ದಾಟಿತು. ವರ್ಷಕ್ಕೆ 365 ದಿನ, ದಿನಕ್ಕೆ ಎರಡು ಹೊತ್ತು ಓಡುವ ಹಾಲಿನ ಗಾಡಿಗೂ, ವರ್ಷದಲ್ಲಿ ಎರಡು ತಿಂಗಳು ಮೈಮುರಿದು ದುಡಿದು ಉಳಿದ ಹತ್ತು ತಿಂಗಳು ಹಟ್ಟಿಯ ಮುಂದೆ ನಿಲ್ಲುವ ಆಲೂಗೆಡ್ಡೆ ಗಾಡಿಗೂ ಒಂದೇ ಸಲಹೆ ಹೇಗೆ ಒಪ್ಪುತ್ತದೆ?

ಹೊರೆ ತಿಳಿದ ಮೇಲೆ ಗಾಡಿಯ ಶಕ್ತಿಯನ್ನು ಓದಬೇಕು. ಟಾಟಾ ಏಸ್ 2005ರಲ್ಲಿ ಬಂದಾಗ ಅದರ ಶಕ್ತಿ ಮುಕ್ಕಾಲು ಟನ್ನಿನ ಸುತ್ತ ಇತ್ತು. ಇವತ್ತು ನಾವು ಪಿಕಪ್ ಎಂದು ಕರೆಯುವ ಮಧ್ಯಮ ಗಾಡಿಗಳು, ಮಹೀಂದ್ರಾ ಬೊಲೆರೋ ಪಿಕಪ್, ಅಶೋಕ್ ಲೇಲ್ಯಾಂಡ್ ದೋಸ್ತ್, ಟಾಟಾ ಇಂಟ್ರಾ, ಟಾಟಾ ಯೋಧಾ, ಹೆಚ್ಚುಕಡಿಮೆ ಒಂದರಿಂದ ಎರಡು ಟನ್ನಿನವು. ನಗರಗಳಲ್ಲಿ ಕಾಣುವ ಟೊಯೋಟಾ ಹೈಲಕ್ಸ್‌ನಂಥವು ಬೆಲೆಯಲ್ಲಿ ಮೂರು ಪಾಲು, ಹೊರುವುದರಲ್ಲಿ ನಮ್ಮ ಸಾಮಾನ್ಯ ಪಿಕಪ್ಪಿಗಿಂತ ಕಡಿಮೆ. ಅವು ಬೇರೆ ಕೆಲಸದ ಗಾಡಿಗಳು, ಅವುಗಳನ್ನು ಇಲ್ಲಿಗೇ ಬಿಡೋಣ. ಆರ್‌ಸಿಯಲ್ಲಿ ಎರಡು ತೂಕ ನಮೂದಾಗಿರುತ್ತದೆ: ಖಾಲಿ ಗಾಡಿಯ ತೂಕ, ಹೊರೆ ಸಮೇತ ಒಟ್ಟು ತೂಕ. ಎರಡರ ನಡುವಿನ ಅಂತರವೇ ನೀವು ಹೇರಬಹುದಾದದ್ದು. 1,300 ಕಿಲೋ ಅಂತರವೆಂದರೆ 50 ಕಿಲೋದ ಆಲೂಗೆಡ್ಡೆ ಮೂಟೆ 26. 60 ಕಿಲೋ ಲೆಕ್ಕದ ಶುಂಠಿ ಚೀಲ 21. 1,700 ಕಿಲೋ ಗಾಡಿಯಾದರೆ ಮೂಟೆ 34, ಶುಂಠಿ 28. ಇದರಲ್ಲಿ ಜನ ಮರೆಯುವ ಒಂದು ಸಂಗತಿಯಿದೆ. ಗಾಡಿ ಬಿಡಿಸಿಕೊಂಡ ವಾರದಲ್ಲೇ ಬಾಡಿ ಕಟ್ಟುವವರ ಹತ್ತಿರ ಹೋಗಿ ಎತ್ತರದ ಗ್ರಿಲ್ಲು, ಮೇಲೊಂದು ಕ್ಯಾರಿಯರ್, ದಪ್ಪ ತಗಡಿನ ತಳ, ಮುಂದೊಂದು ಭಾರದ ಗಾರ್ಡು ಹಾಕಿಸುತ್ತಾರೆ. ಹಾಗೆ ಸೇರಿದ ಒಂದೊಂದು ಕಿಲೋ ಕಬ್ಬಿಣವೂ ಹೇರುವ ಹೊರೆಯಿಂದ ಕಳೆದುಹೋಗುತ್ತದೆ. ಜೊತೆಗೆ ಚಾಲಕ, ಪಕ್ಕದಲ್ಲಿ ಇಬ್ಬರು ಕೂತರೆ ಮೂರ್ನಾಲ್ಕು ಮೂಟೆಯ ತೂಕ ಅಲ್ಲೇ ಹೋಯಿತು. ಕಾನೂನಿನ ಒಂದು ಗೆರೆಯನ್ನೂ ಇಲ್ಲೇ ನೋಡಬೇಕು. ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನಡಿ ಪರ್ಮಿಟ್ ಬೇಡ; ಅದನ್ನು ಮೀರಿದರೆ ಬೇಕು. 1,700 ಕಿಲೋ ಹೊರುವ ಗಾಡಿ ಈ ಗೆರೆಯ ಆಚೆಗಿರುತ್ತದೆ. ಲೈಸೆನ್ಸಿನ ಗೊಂದಲವಂತೂ ಈಗ ಬಗೆಹರಿದಿದೆ: 7,500 ಕಿಲೋ ಒಳಗಿನ ಸರಕು ಗಾಡಿಯನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿತು.

ಹೊರೆ ಮೀರಿದರೆ ಏನಾಗುತ್ತದೆ? ಗಾಡಿ ಅವತ್ತೇ ಮುರಿದು ಬೀಳುವುದಿಲ್ಲ, ಆದ್ದರಿಂದಲೇ ಜನ ನಂಬುವುದಿಲ್ಲ. 1,300 ಕಿಲೋ ಗಾಡಿಯ ಮೇಲೆ ಎರಡು ಟನ್ನು ಹೇರಿ ಹಳ್ಳಿಮೈಸೂರಿನಿಂದ ಹಾಸನಕ್ಕೆ ಬಂದು ಇಳಿಸಿದರೆ, ನೋಡಿ, ಏನಾಯಿತು ಎನ್ನುತ್ತಾರೆ. ಆದದ್ದು ಒಳಗಡೆ. ಚಕ್ರದ ಹಬ್ಬಿನೊಳಗೆ ರೋಲರ್ ಬೇರಿಂಗುಗಳಿರುತ್ತವೆ. ಅವುಗಳ ಆಯಸ್ಸನ್ನು ಅಳೆಯಲು ಜಗತ್ತಿನ ಎಲ್ಲ ತಯಾರಕರೂ ಒಪ್ಪಿಕೊಂಡ ಲೆಕ್ಕವೊಂದಿದೆ. ಅದರ ಪ್ರಕಾರ ಬೇರಿಂಗಿನ ಮೇಲಿನ ಭಾರ ಒಂದೂವರೆ ಪಟ್ಟಾದರೆ ಆಯಸ್ಸು ಇಳಿಯುವುದು ಮೂರನೇ ಎರಡಕ್ಕಲ್ಲ, ಸುಮಾರು ಕಾಲು ಭಾಗಕ್ಕೆ. ಭಾರ ಎರಡು ಪಟ್ಟಾದರೆ ಆಯಸ್ಸು ಹತ್ತನೇ ಒಂದು. ಪಿಕಪ್ಪಿನಲ್ಲಿ ಹೆಚ್ಚುವರಿ ಹೊರೆಯೆಲ್ಲ ಬಹುತೇಕ ಹಿಂದಿನ ಅಚ್ಚಿನ ಮೇಲೇ ಕೂರುವುದರಿಂದ, ಹೊರೆ ಸ್ವಲ್ಪ ಮೀರಿದರೂ ಆ ಅಚ್ಚಿಗೆ ಬೀಳುವ ಪೆಟ್ಟು ದೊಡ್ಡದು. ರಸ್ತೆಯ ವಿಷಯದಲ್ಲೂ ಇಂಥದೇ ಲೆಕ್ಕ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಬೇರೆ ಬೇರೆ ತೂಕದ ಲಾರಿಗಳನ್ನು ಪರೀಕ್ಷೆಯ ರಸ್ತೆಗಳ ಮೇಲೆ ಹಗಲಿರುಳು ಓಡಿಸಿ ನೋಡಿದರು. ರಸ್ತೆಗೆ ಆಗುವ ಹಾನಿ ಅಚ್ಚಿನ ಭಾರದ ನಾಲ್ಕನೇ ಘಾತಕ್ಕೆ ಹತ್ತಿರ ಎಂದು ಆ ಪರೀಕ್ಷೆಯಿಂದ ತಿಳಿಯಿತು. ಎಂದರೆ ಒಂದೂವರೆ ಪಟ್ಟು ಭಾರಕ್ಕೆ ಐದು ಪಟ್ಟು ಹಾನಿ. ನಮ್ಮೂರಿನ ಡಾಂಬರು ಎರಡು ಮಳೆಗಾಲಕ್ಕೆ ಯಾಕೆ ಕಿತ್ತುಬರುತ್ತದೆ ಎಂದು ಕೇಳುವಾಗ ಗುತ್ತಿಗೆದಾರರನ್ನು ದೂರುವುದರ ಜೊತೆಗೆ ಈ ಲೆಕ್ಕವನ್ನೂ ನೆನೆಯಬೇಕು. ಗುಂಡಿ ಬಿದ್ದ ಆ ರಸ್ತೆಯ ಮೇಲೇ ತಾನೇ ಮರುದಿನ ನಮ್ಮ ಗಾಡಿಯೂ ಓಡಬೇಕಾದದ್ದು. ಹೊರೆ ತಾಳಲೆಂದು ಹಿಂದಿನ ಸ್ಪ್ರಿಂಗಿಗೆ ಒಂದೆರಡು ಪ್ಲೇಟು ಸೇರಿಸುವ ರೂಢಿಯಿದೆ. ಪ್ಲೇಟು ಸೇರಿಸಿದರೆ ಗಾಡಿಯ ಹಿಂಭಾಗ ಕುಸಿಯುವುದಿಲ್ಲ, ಅಷ್ಟೇ. ಬ್ರೇಕು, ಟೈರು, ಬೇರಿಂಗು, ಷಾಸಿ, ಕ್ಲಚ್ಚು ಎಲ್ಲ ಹಳೆಯ ಶಕ್ತಿಯಲ್ಲೇ ಉಳಿದಿರುತ್ತವೆ. ಶಿರಾಡಿ ಘಾಟಿ ಇಳಿಸಿ ಮಂಗಳೂರಿಗೆ ಶುಂಠಿ ಸಾಗಿಸುವವರಿಗೆ ಬ್ರೇಕಿನ ಮಾತು ಜೀವದ ಮಾತು.

ಇದಕ್ಕೆ ಬರುವ ಆಕ್ಷೇಪಣೆ ನನಗೆ ಗೊತ್ತು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಲೋಡು ಮೀರಿಸದೆ ಬಾಡಿಗೆ ಗಿಟ್ಟುವುದಿಲ್ಲ, ಮೂಟೆ ಲೆಕ್ಕದಲ್ಲಿ ಬಾಡಿಗೆ ಕೊಡುವ ಕಡೆ ಇಪ್ಪತ್ತಾರು ಮೂಟೆಗೆ ನಿಂತರೆ ಡೀಸೆಲ್ಲಿಗೂ ಸಾಲದು, ಪಕ್ಕದವನು ನಲವತ್ತು ಹೇರುತ್ತಾನೆ, ಕೆಲಸ ಅವನಿಗೇ ಹೋಗುತ್ತದೆ ಎನ್ನುತ್ತಾರೆ. ಮಾತಿನಲ್ಲಿ ಸತ್ಯವಿದೆ. ಆದರೆ ಇದು ಹೇಳುವುದು ಏನನ್ನು? ನಿಮ್ಮ ಕೆಲಸಕ್ಕೆ ನಲವತ್ತು ಮೂಟೆಯ, ಎಂದರೆ ಎರಡು ಟನ್ನಿನ ಗಾಡಿ ಬೇಕು ಎಂಬುದನ್ನು. ಹಾಗಿದ್ದ ಮೇಲೆ ಒಂದೂಕಾಲು ಟನ್ನಿನದನ್ನು ಕೊಂಡು ಮೇಲೆ ಹೇರುವುದಕ್ಕಿಂತ ಎರಡು ಟನ್ನಿನದನ್ನೇ ಕೊಳ್ಳುವುದು ಸರಿಯಾದ ವ್ಯಾಪಾರ. ಬೆಲೆಯಲ್ಲಿ ಬರುವ ವ್ಯತ್ಯಾಸವನ್ನು ರಿಪೇರಿಗೆ ಹೋಗುವ ಹಣದ ಜೊತೆ, ರಿಪೇರಿಗೆಂದು ಗಾಡಿ ನಿಂತ ದಿನಗಳ ದುಡಿಮೆಯ ಜೊತೆ ಇಟ್ಟು ನೋಡಿ. ದಂಡದ ಲೆಕ್ಕವೂ ಇದೆ. 2019ರ ತಿದ್ದುಪಡಿಯ ನಂತರ ಕಾಯ್ದೆಯ 194ನೇ ಕಲಮು ಮಿತಿಮೀರಿದ ಹೊರೆಗೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ ಎನ್ನುತ್ತದೆ. ಹೆಚ್ಚುವರಿ ಸರಕು ಇಳಿಸುವವರೆಗೆ ಗಾಡಿ ಮುಂದೆ ಬಿಡುವಂತಿಲ್ಲ. ಹೆದ್ದಾರಿಯ ಬದಿಯಲ್ಲಿ ಹಣ್ಣು ತರಕಾರಿ ಇಳಿಸಿಕೊಂಡು ಇನ್ನೊಂದು ಗಾಡಿಗೆ ಕಾಯುವ ನಷ್ಟವನ್ನು ಯಾವ ಬಾಡಿಗೆಯೂ ತುಂಬಿಕೊಡದು. ದೂರ ಕಡಿಮೆ ಇರುವಲ್ಲಿ ಇನ್ನೊಂದು ದಾರಿಯೂ ಇದೆ. ಅರಕಲಗೂಡಿನಿಂದಾಗಲಿ ಹೊಳೆನರಸೀಪುರದಿಂದಾಗಲಿ ಹಾಸನ ಸುಮಾರು ಮೂವತ್ತು ಕಿಲೋಮೀಟರಿನ ದಾರಿ. ಎರಡು ಟ್ರಿಪ್ಪು ಹೊಡೆಯಲು ಹೊತ್ತು ಸಾಕು. ಚನ್ನರಾಯಪಟ್ಟಣದಿಂದ ಬೆಂಗಳೂರು ಸುಮಾರು 145 ಕಿಲೋಮೀಟರು. ಅಲ್ಲಿ ಎರಡು ಟ್ರಿಪ್ಪಿನ ಮಾತಿಲ್ಲ, ಅಲ್ಲಿ ದೊಡ್ಡ ಗಾಡಿಯೇ ಉತ್ತರ.

ಇನ್ನು ರಿಪೇರಿಯ ಮಾತು. ಹಿಂದಿನ ಮಟಡಾರ್, 407 ಗಾಡಿಗಳ ಕಾಲದಲ್ಲಿ ಎಂಜಿನ್ನು ಕೆಟ್ಟರೆ ಯಾವ ಹೋಬಳಿಯ ಮೆಕ್ಯಾನಿಕ್ಕಾದರೂ ಬಿಚ್ಚಿ ಸರಿಮಾಡುತ್ತಿದ್ದರು. 2020ರ ಏಪ್ರಿಲ್ ಒಂದರಿಂದ ದೇಶದಲ್ಲಿ ಬಿಎಸ್6 ಎಂಬ ಹೊಗೆ ನಿಯಮಕ್ಕೆ ಒಗ್ಗುವ ಗಾಡಿಗಳನ್ನಷ್ಟೇ ಮಾರಬೇಕೆಂದಾಯಿತು. ಈ ಎಂಜಿನ್ನುಗಳಲ್ಲಿ ಡೀಸೆಲ್ಲನ್ನು ಬಹಳ ಹೆಚ್ಚಿನ ಒತ್ತಡದಲ್ಲಿ ಚಿಮ್ಮಿಸುವ ಇಂಜೆಕ್ಟರು, ಹೊಗೆಯ ಮಸಿ ಹಿಡಿಯುವ ಫಿಲ್ಟರು, ಸಾಲುಸಾಲು ಸೆನ್ಸರು ಇರುತ್ತವೆ. ಗಾಳಿ ಶುದ್ಧವಾಗುವುದಕ್ಕೆ ಇವು ಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ಇವುಗಳ ದೋಷ ಹುಡುಕಲು ಸ್ಕ್ಯಾನರ್ ಬೇಕು, ಅದನ್ನು ಬಲ್ಲವರು ಬೇಕು. ಮಸಿಯ ಫಿಲ್ಟರು ತನ್ನನ್ನು ತಾನು ಸುಟ್ಟು ಶುಚಿಮಾಡಿಕೊಳ್ಳಲು ಎಂಜಿನ್ನು ಸ್ವಲ್ಪ ಹೊತ್ತು ಬಿಸಿಯೇರಿ ಓಡಬೇಕು. ಹಾಲಿನ ಗಾಡಿಯಂತೆ ಮನೆಮನೆಗೆ ನಿಂತು ನಿಂತು ಐದಾರು ಕಿಲೋಮೀಟರು ಸುತ್ತಿ ಆರಿಸಿಬಿಡುವ ಓಟದಲ್ಲಿ ಅದು ಕಟ್ಟಿಕೊಳ್ಳುತ್ತದೆ. ಮೀಟರಿನಲ್ಲಿ ದೀಪ ಹೊತ್ತಿದರೂ ಲಕ್ಷ್ಯ ಕೊಡದಿದ್ದರೆ ಎಂಜಿನ್ನಿನ ಶಕ್ತಿಯೇ ಇಳಿಯುತ್ತದೆ. ಅಂಥ ಓಟವೇ ನಿಮ್ಮದಾಗಿದ್ದರೆ ಸಣ್ಣ ಪೆಟ್ರೋಲ್ ಅಥವಾ ಸಿಎನ್‌ಜಿ ಗಾಡಿಯನ್ನೂ, ರಾತ್ರಿ ಮನೆಯಲ್ಲಿ ಚಾರ್ಜ್ ಮಾಡುವ ಅನುಕೂಲವಿದ್ದರೆ ವಿದ್ಯುತ್ ಗಾಡಿಯನ್ನೂ ಪರಿಶೀಲಿಸಬೇಕು. ಡ್ರಮ್ಮಿನಲ್ಲಿ ತಂದಿಟ್ಟ ಡೀಸೆಲ್ ಹಾಕುವ ರೂಢಿಯನ್ನಂತೂ ಬಿಡಬೇಕು. ಅದರಲ್ಲಿ ಸೇರಿದ ನೀರು ಇಂಜೆಕ್ಟರನ್ನು ಕೆಡಿಸುತ್ತದೆ. ಆದ್ದರಿಂದ ಕೊಳ್ಳುವ ಮೊದಲು ವಿಚಾರಿಸಬೇಕಾದದ್ದು ಇದು: ಆ ಕಂಪನಿಯ ಸರ್ವೀಸ್ ಕೇಂದ್ರ ನಿಮ್ಮ ಊರಿಗೆ ಎಷ್ಟು ದೂರ, ಕ್ಲಚ್ ಪ್ಲೇಟು, ಹಬ್ ಬೇರಿಂಗ್, ಸ್ಪ್ರಿಂಗ್ ಪ್ಲೇಟು ಅವತ್ತಿಗವತ್ತೇ ಸಿಗುತ್ತವೆಯೇ, ಸುಗ್ಗಿಯ ದಿನ ಗಾಡಿ ನಿಂತರೆ ಎಷ್ಟು ಹೊತ್ತಿಗೆ ಬಿಡಿಸಿಕೊಡುತ್ತಾರೆ? ನಮ್ಮೂರಿನವರೆಲ್ಲ ಅದೇ ಗಾಡಿ ಇಟ್ಟಿದ್ದಾರೆ, ಅದಕ್ಕಿಂತ ಸಾಕ್ಷಿ ಬೇಕೇ ಎಂದು ಕೇಳುವವರಿದ್ದಾರೆ. ಬಿಡಿಭಾಗ ಸಿಗುತ್ತದೆ, ಕೈ ಹಚ್ಚುವವರಿದ್ದಾರೆ ಎಂಬಷ್ಟಕ್ಕೆ ಅದು ಒಳ್ಳೆಯ ಸಾಕ್ಷಿ. ನಾನೂ ಅದಕ್ಕೆ ಬೆಲೆ ಕೊಡುತ್ತೇನೆ. ಆದರೆ ಅವರ ಹೊರೆ ತೆಂಗಿನಕಾಯಿ, ನಿಮ್ಮದು ಶುಂಠಿ ಎಂದಾದರೆ ಆ ಸಾಕ್ಷಿ ಅರ್ಧಕ್ಕೇ ನಿಲ್ಲುತ್ತದೆ.

ಹಣದ ವಿಷಯಕ್ಕೆ ಬರೋಣ. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಮೇಲಿನ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದದ್ದು ಕೊಳ್ಳುವವರಿಗೆ ದೊಡ್ಡ ಅನುಕೂಲ. ಉದಾಹರಣೆಗೆ ಎಂಟು ಲಕ್ಷ ರೂಪಾಯಿ ಸಾಲ, ವರ್ಷಕ್ಕೆ 11 ಪ್ರತಿಶತ ಬಡ್ಡಿ, ಐದು ವರ್ಷದ ಅವಧಿ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 17,400 ರೂಪಾಯಿ; ಐದು ವರ್ಷಕ್ಕೆ ಬಡ್ಡಿಯೊಂದೇ ಎರಡು ಲಕ್ಷ 44 ಸಾವಿರದಷ್ಟು. ತಿಂಗಳಿಗೆ 25 ದಿನ ಗಾಡಿ ಓಡಿದರೆ ಕಂತಿಗೆಂದು ದಿನಕ್ಕೆ 700 ರೂಪಾಯಿ ಎತ್ತಿಟ್ಟರೆ ಸಾಕು. ಹತ್ತೇ ದಿನ ಓಡಿದರೆ 1,740 ರೂಪಾಯಿ ಎತ್ತಿಡಬೇಕು. ಗಾಡಿ ನಿಂತರೂ ವಿಮೆ ನಿಲ್ಲುವುದಿಲ್ಲ. ಎಫ್‌ಸಿ ಹೊಸ ಗಾಡಿಗೆ ಎರಡು ವರ್ಷ, ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷವೂ ಮಾಡಿಸಬೇಕು. ಸ್ವಂತ ಬೆಳೆ ಸಾಗಿಸುವುದಕ್ಕಷ್ಟೇ ಗಾಡಿ ಬೇಕೆನ್ನುವ ಮೂರು ನಾಲ್ಕು ಎಕರೆಯ ರೈತರಿಗೆ ನಾನು ಖಚಿತವಾಗಿ ಹೇಳುವುದು, ಕೊಳ್ಳಬೇಡಿ, ಬಾಡಿಗೆಗೆ ಹಿಡಿಯಿರಿ. ಸುಗ್ಗಿಯಲ್ಲಿ ಬಾಡಿಗೆ ಗಾಡಿ ಸಿಗುವುದಿಲ್ಲ, ಸಿಕ್ಕರೂ ಕೇಳಿದಷ್ಟು ಕೊಡಬೇಕು ಎಂಬ ದೂರು ನಿಜ. ಹಾಗಾದರೆ ನಾಲ್ಕು ಮನೆಯವರು ಸೇರಿ, ಹಾಲಿನ ಓಟ, ತೆಂಗು, ಗೆಡ್ಡೆ ಮೂರನ್ನೂ ಹೊಂದಿಸಿಕೊಂಡು ಒಂದು ಗಾಡಿ ಇಡುವುದನ್ನು ಯೋಚಿಸಿ. ಆರ್‌ಸಿಯಲ್ಲಿ ಹೆಸರು ಒಬ್ಬರದೇ ಇರುವುದರಿಂದ ಪಾಲಿನ ಕರಾರನ್ನು ಬರಹದಲ್ಲೇ ಮಾಡಿಕೊಳ್ಳಿ.

ಹಳೆಯ ಗಾಡಿ ಕೊಳ್ಳುವವರಿಗೆ ಬಣ್ಣ, ಸೀಟಿನ ಕವರು ಮುಖ್ಯವಲ್ಲ. ಗಾಡಿಯ ಅಡಿಗೆ ಹೋಗಿ ಮಲಗಿ ನೋಡಬೇಕು. ಸ್ಪ್ರಿಂಗು ಷಾಸಿಗೆ ಸೇರುವ ಕಡೆ ಬಿರುಕಿದೆಯೇ, ವೆಲ್ಡಿಂಗಿನ ಗುರುತಿದೆಯೇ? ಹಿಂದಿನ ಸ್ಪ್ರಿಂಗಿನಲ್ಲಿ ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಪ್ಲೇಟು ಇದೆಯೇ? ಇದ್ದರೆ ಆ ಗಾಡಿ ಜೀವಮಾನವಿಡೀ ಮಿತಿಮೀರಿ ಹೊತ್ತಿದೆ ಎಂದು ತಿಳಿಯಿರಿ. ಓಡೋಮೀಟರು ಏನೇ ಹೇಳಲಿ, ಈ ಪ್ಲೇಟು ಸುಳ್ಳು ಹೇಳುವುದಿಲ್ಲ. ಟೈರು ಒಂದು ಅಂಚಿಗೆ ಸವೆದಿದ್ದರೆ, ಎಂಜಿನ್ ಆಯಿಲಿನ ಮುಚ್ಚಳ ತೆಗೆದಾಗ ಹೊಗೆ ಬುಸುಗುಟ್ಟಿದರೆ ಬೆಲೆ ಇಳಿಸಿ ಕೇಳಬೇಕು, ಇಲ್ಲವೇ ಎದ್ದು ಬರಬೇಕು. ಕಾಗದದಲ್ಲಿ ನೋಡಬೇಕಾದದ್ದು ಫೈನಾನ್ಸಿನ ಬಾಕಿ. ಸಾಲ ತೀರಿದೆ ಎಂಬ ಮಾತು ಸಾಲದು. ಫೈನಾನ್ಸ್ ಕಂಪನಿ ಸಹಿ ಹಾಕಿದ 35ನೇ ಫಾರಂ ಕೈಗೆ ಬರಬೇಕು, 29, 30ನೇ ಫಾರಂಗಳ ಜೊತೆ ಆರ್‌ಟಿಓ ಕಚೇರಿಯಲ್ಲಿ ಹೆಸರು ಬದಲಾಗಬೇಕು. ವಿಮೆಯನ್ನೂ ಹೊಸ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಹಾಕಬೇಕು. ಕೆಎ 13 ಎಂಬ ಹಾಸನದ ನಂಬರು ನೋಡಿ, ಊರಿನದೇ ಗಾಡಿ ಎಂದು ಇದನ್ನೆಲ್ಲ ಬಿಡುವುದು ತಪ್ಪು.

ಕೊನೆಗೆ, ಹಿಂದಿನ ತೊಟ್ಟಿಯಲ್ಲಿ ಜನರನ್ನು ಕೂರಿಸುವ ವಿಷಯ. ಆಳುಗಳನ್ನು ಗೆಡ್ಡೆ ಕೀಳಲು, ಶುಂಠಿ ತೊಳೆಯಲು ಕರೆದೊಯ್ಯುವುದು, ಬೀಗರೂಟಕ್ಕೆ, ಜಾತ್ರೆಗೆ ಊರಿನವರನ್ನೇ ತುಂಬಿಕೊಂಡು ಹೋಗುವುದು ನಮ್ಮಲ್ಲಿ ದಿನನಿತ್ಯ ಕಾಣುತ್ತದೆ. ಸರಕು ಗಾಡಿಯ ಕಡ್ಡಾಯ ವಿಮೆ ಸರಕಿನ ಮಾಲೀಕನಿಗೆ ಅಥವಾ ಅವನ ಅಧಿಕೃತ ಪ್ರತಿನಿಧಿಗೆ ಅನ್ವಯಿಸುತ್ತದೆ. ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟು 2002ರ ಆಶಾರಾಣಿ ಪ್ರಕರಣದಲ್ಲಿ ಹೇಳಿದೆ. ಎಂದರೆ ಅನಾಹುತವಾದರೆ ಪರಿಹಾರದ ಹೊರೆ ಗಾಡಿಯ ಮಾಲೀಕನ ಮೇಲೆ, ಅವನ ಹೊಲ ಮನೆಯ ಮೇಲೆ ಬೀಳುತ್ತದೆ. ಪೆಟ್ಟು ತಿಂದ ಕೂಲಿಯವರ ಮನೆಗಂತೂ ಅವನು ಕೊಟ್ಟಷ್ಟೇ. ಆಳುಗಳನ್ನು ಒಯ್ಯುವುದು ನಿಮ್ಮ ಕೆಲಸದ ಭಾಗವೇ ಆಗಿದ್ದರೆ ಎರಡು ಸಾಲು ಸೀಟಿರುವ ಗಾಡಿಯನ್ನು ನೋಡಿ. ತೊಟ್ಟಿ ಚಿಕ್ಕದಾಗುತ್ತದೆ, ಆಗಲಿ. ಆರ್‌ಸಿಯಲ್ಲಿ ನಮೂದಾದ ಸೀಟುಗಳಷ್ಟೇ ಜನರನ್ನು ಕೂರಿಸಿ, ಹಮಾಲಿಗಳಿಗೆ ಪಾಲಿಸಿಯಲ್ಲಿ ಪ್ರತ್ಯೇಕ ಪ್ರೀಮಿಯಂ ಕಟ್ಟಿಸಿ.

ಇಷ್ಟು ನೋಡಿ ಒಂದು ಗಾಡಿ ಆರಿಸಿದ ಮೇಲೆ, ಖಾಲಿ ಗಾಡಿಯನ್ನು ಬೈಪಾಸಿನಲ್ಲಿ ಓಡಿಸಿ ತೃಪ್ತಿಪಡಬೇಡಿ. ಹೊರೆ ಹೇರಿ ನೋಡಲು ಬಿಡಿ ಎಂದು ಕೇಳಿ. ಗೊರೂರಿನ ಏರಿನಲ್ಲಿ ಎರಡನೇ ಗೇರಿನಲ್ಲಿ ಎಳೆಯುತ್ತದೆಯೇ, ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ನೇರ ನಿಲ್ಲುತ್ತದೆಯೇ ಎಂದು ಗಮನಿಸಿ. ಮಳೆಗಾಲದಲ್ಲಿ ಹೊಲದೊಳಕ್ಕೇ ಇಳಿಯಬೇಕಾದವರು ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮಾದರಿಯನ್ನು ವಿಚಾರಿಸಿ, ಏಕೆಂದರೆ ಖಾಲಿ ಪಿಕಪ್ಪಿನ ಹಿಂದಿನ ಚಕ್ರ ಕೆಸರಿನಲ್ಲಿ ಬೇಗ ಜಾರುತ್ತದೆ. ಗಾಡಿ ಬಿಡಿಸಿಕೊಂಡು, ಬಾಡಿ ಕೆಲಸ ಮುಗಿದ ದಿನವೇ ಹತ್ತಿರದ ವೇಬ್ರಿಡ್ಜಿಗೆ ಒಯ್ದು ಖಾಲಿ ತೂಕ ಹಾಕಿಸಿ. ಆ ಚೀಟಿಯ ತೂಕವನ್ನೂ ಗಾಡಿಯಲ್ಲಿ ಕೂರುವವರ ತೂಕವನ್ನೂ ಆರ್‌ಸಿಯ ಒಟ್ಟು ತೂಕದಿಂದ ಕಳೆದು, ನಿಮ್ಮ ಸರಕಿನ ಮೂಟೆಯ ತೂಕದಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಚಾಲಕನಿಗೂ ಹಮಾಲಿಗಳಿಗೂ ಕಾಣುವಂತೆ ತೊಟ್ಟಿಯ ಒಳಬದಿಯಲ್ಲಿ ಬಣ್ಣದಲ್ಲಿ ಬರೆಸಿ.